ಮಾನೋಗ್ರಾಫ್ ಎಂದರೇನು?

ವಿಶ್ವವಿದ್ಯಾಲಯಗಳ ಪ್ರಕಾಶನ ಸಂಸ್ಥೆಗಳ ಸುದ್ದಿ ಓದುವವರಿಗೆ ಹೆಜ್ಜೆಹೆಜ್ಜೆಗೂ ಎದುರಾಗುವ ಪದ ಮಾನೋಗ್ರಾಫ್. ಒಂದೇ ವಿಷಯವನ್ನು ಆಳವಾಗಿ ನೋಡುವ ವಿದ್ವತ್ ಪುಸ್ತಕ ಅದು. ಗ್ರೀಕಿನಲ್ಲಿ ‘ಮೊನೊಸ್’ ಅಂದರೆ ಒಂಟಿ, ‘ಗ್ರಾಫೈನ್’ ಅಂದರೆ ಬರೆಯುವುದು. ಒಂಟಿ ಎಂಬುದು ವಿಷಯಕ್ಕೆ ಸಂಬಂಧಿಸಿದ್ದು, ಲೇಖಕರ ತಲೆ ಎಣಿಕೆಗಲ್ಲ. ಇಬ್ಬರು ಕೂಡಿ ಬರೆದರೂ ಅದು ಮಾನೋಗ್ರಾಫೇ. ಹತ್ತು ಜನ ಒಂದೊಂದು ಅಧ್ಯಾಯ ಬರೆದು ಇನ್ನೊಬ್ಬರು ಒಟ್ಟುಗೂಡಿಸಿದರೆ ಮಾತ್ರ ಅದರ ಜಾತಿ ಬೇರೆ, ಅದು ಸಂಪಾದಿತ ಸಂಪುಟ.

ಈ ಪದ ಮೊದಲು ಬಳಕೆಯಲ್ಲಿದ್ದದ್ದು ಸಸ್ಯ, ಪ್ರಾಣಿಗಳನ್ನು ವರ್ಗೀಕರಿಸುವವರ ನಡುವೆ. ಒಂದೇ ಕುಲದ ಜೀವಿಗಳ ಬಗ್ಗೆ ತಿಳಿದದ್ದನ್ನೆಲ್ಲ ಒಂದೆಡೆ ತರುವ ಪುಸ್ತಕಕ್ಕೆ ಹಾಗೆನ್ನುತ್ತಿದ್ದರು. ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಯ ಹಿಂದೆ ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಬಿದ್ದಿದ್ದರು. ಈಗ ಬದುಕಿರುವ ಬಾರ್ನಕಲ್‌ಗಳ ಕುರಿತ ಅವರ ಎರಡು ಸಂಪುಟ ಬಂದದ್ದು 1851 ಮತ್ತು 1854ರಲ್ಲಿ. ನಡುವೆ, 1852ರಲ್ಲಿ, ನಿಧಾನವಾಗಿ ಸಾಗುವ ಹಡಗಿನ ನಾವಿಕನೂ ಬಾರ್ನಕಲ್ಲನ್ನು ನನ್ನಷ್ಟು ದ್ವೇಷಿಸಿರಲಾರ ಎಂದು ಗೆಳೆಯನೊಬ್ಬರಿಗೆ ಕಾಗದ ಬರೆದರು. ಮಾನೋಗ್ರಾಫ್ ಬರೆದ ಯಾರಿಗೂ ಈ ಮಾತಿಗೆ ವಿವರಣೆ ಬೇಕಾಗದು.

ಪಿಎಚ್.ಡಿ. ಪ್ರಬಂಧಕ್ಕೆ ರಟ್ಟು ಹಾಕಿದರೆ ಮಾನೋಗ್ರಾಫ್ ಆಯಿತೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪ್ರಬಂಧವನ್ನು ಓದಲೇಬೇಕಾದವರು ಪರೀಕ್ಷಕರು. ‘ನನಗೆ ಇದೆಲ್ಲ ಗೊತ್ತು’ ಎಂದು ಅವರಿಗೆ ತೋರಿಸಬೇಕು. ಪುಸ್ತಕ ಓದುವವರಿಗೆ ಅಂಥ ಹಂಗಿಲ್ಲ, ಬೇಸರ ಬಂದರೆ ಮುಚ್ಚಿಡುತ್ತಾರೆ. ಹಾಗಾಗಿ ಹಿಂದಿನವರು ಏನೇನು ಹೇಳಿದ್ದಾರೆಂಬ ಉದ್ದನೆಯ ಅಧ್ಯಾಯಕ್ಕೇ ಮೊದಲು ಕತ್ತರಿ. ಅಷ್ಟಾದ ಮೇಲೆ ಹಸ್ತಪ್ರತಿ ಸಾಮಾನ್ಯವಾಗಿ ಇಬ್ಬರು ವಿದ್ವಾಂಸರ ವಿಮರ್ಶೆಗೆ ಹೋಗುತ್ತದೆ. ಅವರ ಹೆಸರು ಲೇಖಕರಿಗೆ ತಿಳಿಯುವುದು ಅಪರೂಪ. ಒಬ್ಬರು ಮೂರನೇ ಅಧ್ಯಾಯವೇ ಜೀವಾಳ ಎನ್ನುತ್ತಾರೆ, ಮತ್ತೊಬ್ಬರು ಅದನ್ನೇ ತೆಗೆಯಿರಿ ಎನ್ನುತ್ತಾರೆ. ಯಾರ ಮಾತನ್ನು ಏಕೆ ಒಪ್ಪಿದೆ, ಏಕೆ ಬಿಟ್ಟೆ ಎಂದು ಲೇಖಕರು ಉತ್ತರ ಬರೆಯಬೇಕು. ನನ್ನ ಮಟ್ಟಿಗೆ, ಆ ಉತ್ತರ ಬರೆಯುವಾಗಲೇ ಎಷ್ಟೋ ಪುಸ್ತಕಗಳ ವಾದ ನೆಟ್ಟಗಾಗುವುದು.

ಇಷ್ಟೆಲ್ಲ ಆಗಿ ಅಚ್ಚಾಗುವುದು ಬಹುಮಟ್ಟಿಗೆ ಕೆಲವು ನೂರು ಪ್ರತಿ. ಮುಖ್ಯ ಗಿರಾಕಿ ಗ್ರಂಥಾಲಯ, ಅದಕ್ಕೇ ಬೆಲೆ ಕಣ್ಣು ಕುಕ್ಕುತ್ತದೆ. 1980ರ ದಶಕದಿಂದ ಸಂಶೋಧನಾ ಪತ್ರಿಕೆಗಳ ಚಂದಾ ಏರುತ್ತ ಹೋದಂತೆ ಗ್ರಂಥಾಲಯಗಳು ಪುಸ್ತಕದ ಹಣಕ್ಕೆ ಕೈಹಾಕಿದವು, ಮಾನೋಗ್ರಾಫಿನ ಮಾರಾಟ ಸೊರಗಿತು. ಗೌರವಧನವೂ ಅಷ್ಟಕ್ಕಷ್ಟೆ. ಲೇಖಕರಿಗೆ ಇದರಿಂದ ಸಿಗುವುದು ಕೆಲಸ, ಬಡ್ತಿ, ಹೆಸರು.

ಈಗಿನ ಸುದ್ದಿಯೆಲ್ಲ ಮುಕ್ತ ಓದಿನದು. ತನ್ನ ಹಣದಲ್ಲಿ ನಡೆದ ಸಂಶೋಧನೆಯ ಮಾನೋಗ್ರಾಫ್ ಪ್ರಕಟವಾದ 12 ತಿಂಗಳೊಳಗೆ ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬ ನಿಯಮವನ್ನು, ಸಂಶೋಧನೆಗೆ ಸಾರ್ವಜನಿಕ ಹಣ ಹಂಚುವ ಬ್ರಿಟನ್ನಿನ ಸಂಸ್ಥೆ ಯುಕೆಆರ್‌ಐ 2024ರ ಜನವರಿ 1ರಿಂದ ತಂದಿದೆ. ಖರ್ಚು ಯಾರದು? ಕೆಲವು ಪ್ರಕಾಶಕರು ಲೇಖಕರ ಕಡೆಯಿಂದ ಸಾವಿರಾರು ಪೌಂಡ್ ಶುಲ್ಕ ಕೇಳುತ್ತಾರೆ. ಅನುದಾನವಿಲ್ಲದವರಿಗೆ ಅದು ಮುಚ್ಚಿದ ಬಾಗಿಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ ಎಂಐಟಿ ಪ್ರೆಸ್ 2021ರಲ್ಲಿ ಬೇರೆ ದಾರಿ ಹಿಡಿಯಿತು: ಗ್ರಂಥಾಲಯಗಳು ಸೇರಿ ಹಣ ಕೊಟ್ಟರೆ ಪುಸ್ತಕ ಎಲ್ಲರಿಗೂ ತೆರೆದುಕೊಳ್ಳುತ್ತದೆ. ನನಗೆ ಇದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಕೊನೆಯ ಕೆಲಸ ಪದಸೂಚಿ. ಪುಟಸಂಖ್ಯೆ ಖಚಿತವಾಗುವವರೆಗೆ ಅದನ್ನು ಮುಗಿಸಲಾಗದು, ಬಹಳ ಸಲ ಲೇಖಕರೇ ಮಾಡಬೇಕು. ಪ್ರೂಫ್ ಹರಡಿಕೊಂಡು ಪದಗಳ ಮುಂದೆ ಪುಟಸಂಖ್ಯೆ ಬರೆಯುತ್ತ ಹೋದಾಗ, ಶೀರ್ಷಿಕೆಯಲ್ಲಿ ಮೆರೆಯುವ ಪದದ ಮುಂದೆ ನಾಲ್ಕೇ ಪುಟ, ಎಲ್ಲೂ ಎದ್ದು ಕಾಣದ ಇನ್ನೊಂದು ಪದದ ಮುಂದೆ ಮೂರು ಸಾಲು ಅಂಕಿ ನಿಂತಿರುವುದುಂಟು. ತಾವು ಬರೆದದ್ದು ಯಾವುದರ ಬಗ್ಗೆ ಎಂದು ಲೇಖಕರಿಗೆ ಆಗ ಹೊಳೆಯುತ್ತದೆ. ಅಷ್ಟು ಹೊತ್ತಿಗೆ ಮುಖಪುಟ ತಯಾರಾಗಿ, ಹಳೆಯ ಶೀರ್ಷಿಕೆ ಪ್ರಕಾಶಕರ ಪಟ್ಟಿ ಸೇರಿರುತ್ತದೆ.