ತೋತಾಪುರಿ ಬುಡ, ಮಲ್ಲಿಕಾ ತಲೆ

ಕೋಲಾರ ಜಿಲ್ಲೆಯ ಮಾವಿನ ಸೀಮೆ ಶ್ರೀನಿವಾಸಪುರದ ಕಡೆ ಹೋದಾಗಲೆಲ್ಲ ಕೇಳುವ ಮಾತು: "ತೋತಾಪುರಿಗೆ ರೇಟಿಲ್ಲ ಸಾರ್, ಮರ ತೆಗೆಸಿಬಿಡ್ತೀನಿ." ಮೂವತ್ತು ವರ್ಷದ ಮರ, ಬೇರು ಆಳಕ್ಕಿಳಿದಿದೆ. ಬುಡ ಇರಲಿ, ಬೇರೆ ಜಾತಿಯ ಮಾವು ಕಸಿ ಕಟ್ಟಿ ತಲೆ ಬದಲಾಯಿಸೋಣ ಅನ್ನುತ್ತೇನೆ.

ಹಾಗಂತ ದಪ್ಪ ಕೊಂಬೆಗೇ ಕಸಿ ಕಟ್ಟುವುದಲ್ಲ. ಡಿಸೆಂಬರ್–ಜನವರಿಯಲ್ಲಿ ಕೊಂಬೆ ಕಡಿದು, ಅಲ್ಲಿ ಬಂದ ಚಿಗುರಿಗೆ ಮುಂಗಾರು ಹಿಡಿದ ಮೇಲೆ ಕಸಿ. ಒಂದು ಕೊಂಬೆಗೆ ನಾಲ್ಕೈದು ಚಿಗುರು ಸಾಕು. ಒಂದೆರಡು ಕೊಂಬೆಯನ್ನು ಎಲೆ ಸಮೇತ ಹಾಗೇ ಬಿಡಿ, ಬೇರಿಗೂ ಊಟ ಬೇಕಲ್ವಾ?

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಶುರುವಿನಲ್ಲಿ ಒಂದು ಮರವನ್ನು ಮಾರ್ಚ್‌ನಲ್ಲಿ ಪೂರ್ತಿ ಬೋಳಿಸಿದ್ದೆ. ಬಿಸಿಲಿಗೆ ತೊಗಟೆ ಸಿಡಿಯಿತು, ಕಾಂಡ ಕೊರಕ ಹುಳು ನುಗ್ಗಿತು. ಬುಡದಲ್ಲಿ ಹುಡಿ ಉದುರುವುದು ಕಂಡಾಗ ತಡವಾಗಿತ್ತು. ಈಗ ಕಡಿದ ದಿನವೇ ಗಾಯಕ್ಕೆ ಬೋರ್ಡೋ ಮುಲಾಮು ಬಳಿಸುತ್ತೇನೆ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 10 ಲೀಟರ್.

ಜಾತಿ ಯಾವುದು? ಎಲ್ಲರಿಗೂ ಬಾದಾಮಿ, ಅಂದರೆ ಆಲ್ಫಾನ್ಸೋ ಮಾವಿನ ಆಸೆ. ಆದರೆ ಅದು ಒಂದು ವರ್ಷ ಕಾಯಿ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುತ್ತದೆ. ನೀಲಂ, ದಶಹರಿ ಎಂಬ ಎರಡು ಜಾತಿ ಕೂಡಿಸಿ ಮಾಡಿದ ಮಲ್ಲಿಕಾ ಆ ವಿಷಯದಲ್ಲಿ ವಾಸಿ.

ಕಸಿಕಡ್ಡಿ, ಅಂದರೆ ಮಲ್ಲಿಕಾ ಮರದಿಂದ ತರುವ ಕಡ್ಡಿ, ಪೆನ್ಸಿಲ್ ದಪ್ಪ ಇರಲಿ. ತುದಿಮೊಗ್ಗು ಉಬ್ಬಿರಬೇಕು, ಬಿರಿದಿರಬಾರದು. ಕಡ್ಡಿ ಮರದಲ್ಲಿರುವಾಗಲೇ, ವಾರ–ಹತ್ತು ದಿನ ಮೊದಲು ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟಿರಿ. ಚಿಗುರಿನ ತಲೆ ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿ. ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಕೂರಿಸಿ. ತೊಗಟೆಯ ಒಳಗೆ ತೆಳ್ಳಗೆ ಒಂದು ಹಸಿರು ಪದರ ಕಾಣುತ್ತದೆ. ಬೆಸೆಯುವುದು ಅದೇ. ಕಡ್ಡಿ ಸಣ್ಣದಾದರೆ ನಟ್ಟನಡುವೆ ಇಡಬೇಡಿ. ಒಂದು ಪಕ್ಕಕ್ಕೆ ಸರಿಸಿ, ಒಂದೇ ಅಂಚು ಕೂಡಿದರೂ ಹಿಡಿಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ. ಮೊಗ್ಗು ಬಿರಿದ ಮೇಲೆ ಕವರ್ ತೆಗೆಯಿರಿ.

ಕಟ್ಟಿಸಿ ಸುಮ್ನೆ ಕೂತರೆ ಮಾತ್ರ ಎಲ್ಲ ನೀರುಪಾಲು. ಕಸಿಯ ಗಂಟಿನ ಕೆಳಗೆ ತೋತಾಪುರಿ ಮತ್ತೆ ಮತ್ತೆ ಚಿಗುರುತ್ತದೆ, ಅದರ ಜೋರೇ ಜಾಸ್ತಿ. ತಿಂಗಳಿಗೆರಡು ಸಲ ಮುರಿಯಲೇಬೇಕು. ಮೊದಲ ಹೂವನ್ನೂ ಚಿವುಟಿ. ಮೂರನೇ ವರ್ಷದಿಂದ ಕಾಯಿ ಬಿಟ್ಟುಕೊಳ್ಳಿ.

ಕಸಿಗಳು ತುಂಬಿಕೊಂಡ ಮೇಲೆ, ಉಳಿಸಿದ್ದ ಹಳೇ ಕೊಂಬೆ ಕಡಿಯಿರಿ ಅಂದರೆ ಒಬ್ಬ ರೈತರು ಒಪ್ಪಲಿಲ್ಲ. "ಉಪ್ಪು ಖಾರ ಹಚ್ಕೊಂಡು ತಿನ್ನೋಕೆ ಇರ್ಲಿ ಬಿಡಿ ಸಾರ್." ಅವರ ಮರದಲ್ಲಿ ಈಗ ಎರಡೂ ಬಿಡುತ್ತವೆ.