ಹೋರಾಟಗಾರನ ಮನೆಯವರನ್ನು ಏನೆಂದು ಕೇಳಬೇಕು?

ನಮ್ಮ ಕಲಬುರಗಿ ಸೀಮೆಯ ರೈತ ಮುಖಂಡರು, ಕಾರ್ಮಿಕ ನಾಯಕರು, ದಲಿತ ಚಳವಳಿಯ ಹಿರಿಯರ ಬಗ್ಗೆ ಸಾಕ್ಷ್ಯಚಿತ್ರ ಮಾಡಿಕೊಂಡು ಸಂಕಲನಕ್ಕೆ ಬರುವ ಯುವಕರ ಮೊದಲ ಕಟ್ ಬಹುತೇಕ ಒಂದೇ ಬಗೆಯಾಗಿರುತ್ತದೆ. ಮೊದಲು ಧರಣಿ, ಬಾವುಟ, ಘೋಷಣೆ ಬರುತ್ತವೆ; ಆಮೇಲೆ ಇಬ್ಬರು ಸಂಗಾತಿಗಳು ಮುಖಂಡರ ಗುಣಗಾನ ಮಾಡುತ್ತಾರೆ; ಚಿತ್ರ ಮುಕ್ಕಾಲು ಭಾಗ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತ ಹೆಂಡತಿ, "ಮನಿ ಕಡಿ ನೋಡ್ಲೇ ಇಲ್ರಿ ಅವರು" ಎಂದು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೂಡಲೇ ಕೊಳಲಿನ ಸಂಗೀತ ಶುರುವಾಗುತ್ತದೆ. ಚಿತ್ರ ತನ್ನ ಅತ್ಯುತ್ತಮ ಸಾಕ್ಷಿಯನ್ನು ಕಳೆದುಕೊಳ್ಳುವುದು ಈ ಜಾಗದಲ್ಲಿಯೇ ಎಂದು ಸಂಕಲನಕಾರನಾಗಿ ನಾನು ಹೇಳುತ್ತ ಬಂದಿದ್ದೇನೆ.

ಆ ಹೆಣ್ಣುಮಗಳನ್ನು ನಿಮಗೆ ಹೇಗನಿಸಿತು ಎಂದು ಕೇಳಿರುತ್ತಾರೆಯೇ ಹೊರತು, ಆ ವರ್ಷಗಳಲ್ಲಿ ನೀವೇನು ಮಾಡಿದಿರಿ ಎಂದು ಯಾರೂ ಕೇಳಿರುವುದಿಲ್ಲ. ಗಂಡ ಜೈಲಿನಲ್ಲಿದ್ದ ವರ್ಷ ಗಂಜ್ ಮಾರುಕಟ್ಟೆಗೆ ತೊಗರಿ ಒಯ್ದು ಮಾರಿದವರು ಯಾರು, ಅಡತಿ ಅಂಗಡಿಯ ಸಾಲ ಯಾರ ಹೆಸರಿನಲ್ಲಿತ್ತು, ಕಿರಾಣಿಯವನು ಎಷ್ಟು ತಿಂಗಳು ಉದ್ರಿ ಕೊಟ್ಟ, ಕೋರ್ಟಿನ ತಾರೀಖುಗಳನ್ನು ನೆನಪಿಟ್ಟುಕೊಂಡವರು ಯಾರು, ಕರಪತ್ರಗಳ ಗಂಟು ಜೋಳದ ಚೀಲದ ಹಿಂದೆ ಎಷ್ಟು ದಿನ ಇತ್ತು, ರಾತ್ರಿ ಹನ್ನೊಂದಕ್ಕೆ ಬಂದ ಹತ್ತು ಜನ ಕಾರ್ಯಕರ್ತರಿಗೆ ರೊಟ್ಟಿ ಬಡಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿ ನೋಡಬೇಕು. ಇವಕ್ಕೆ ಬರುವ ಉತ್ತರಗಳಲ್ಲಿ ಹೆಸರಿರುತ್ತದೆ, ಮೊತ್ತವಿರುತ್ತದೆ, ಋತುವಿರುತ್ತದೆ. ಅವುಗಳನ್ನು ಬೇರೆ ಸಾಕ್ಷಿಗಳ ಜತೆ ಹೋಲಿಸಿ ನೋಡಬಹುದು. ಮುಖಂಡರೇ ಹೇಳಿದ ಮಾತಿನ ಎದುರು ಇಟ್ಟು ಕಟ್ ಮಾಡಬಹುದು. ಚಳವಳಿಯ ಖರ್ಚನ್ನು ಯಾರು ಹೊತ್ತರು ಎಂಬ ರಾಜಕೀಯ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲಿಯೇ ಸಿಗುತ್ತದೆ. ಭಾವನೆಯನ್ನು ಬೇರೆಯಾಗಿ ಕೇಳುವ ಅಗತ್ಯ ಬೀಳುವುದಿಲ್ಲ, ಲೆಕ್ಕ ಹೇಳುವಾಗಲೇ ಅದು ಬಂದುಬಿಡುತ್ತದೆ.

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ನಿಜಾಮರ ಆಳ್ವಿಕೆ ಇಲ್ಲಿ ಕೊನೆಗೊಂಡದ್ದು 1948ರ ಸೆಪ್ಟೆಂಬರ್ 17ರಂದು. ಆ ಹದಿಮೂರು ತಿಂಗಳ ಚರಿತ್ರೆಯಲ್ಲಿ ಸ್ವಾಮಿ ರಮಾನಂದ ತೀರ್ಥರಂಥ ನಾಯಕರ, ಗಡಿಯಾಚೆಗಿದ್ದ ಹೋರಾಟಗಾರರ ಶಿಬಿರಗಳ, ಅವುಗಳನ್ನು ನಡೆಸಿದವರ ಹೆಸರುಗಳು ದಾಖಲಾಗಿವೆ. ಗಂಡಸರು ಶಿಬಿರ ಸೇರಿದಾಗ ಸೊಲ್ಲಾಪುರದ ಕಡೆಗೋ ವಿಜಯಪುರದ ಕಡೆಗೋ ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆ ಸೇರಿದ ಹೆಂಗಸರು ಅಲ್ಲಿ ಹೇಗೆ ಬದುಕಿದರು, ಮರಳಿ ಬಂದಾಗ ಹೊಲ ಮನೆ ಯಾವ ಸ್ಥಿತಿಯಲ್ಲಿದ್ದವು ಎಂಬುದು ಅಷ್ಟಾಗಿ ದಾಖಲಾಗಿಲ್ಲ. ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಅವರನ್ನು ಮೊದಲು ಚಿತ್ರೀಕರಿಸಬೇಕು. ಧ್ವಜಾರೋಹಣದ ದೃಶ್ಯಗಳು ಮುಂದಿನ ವರ್ಷವೂ ಸಿಗುತ್ತವೆ.

ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ತಂದಿತು. ಅದಕ್ಕೆ ಸಲ್ಲಿಸಿದ ಅರ್ಜಿ, ಪ್ರಮಾಣಪತ್ರ, ಸಹಕೈದಿಗಳು ಬರೆದುಕೊಟ್ಟ ದೃಢೀಕರಣಗಳ ನಕಲು ಅನೇಕ ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ. ಅವನ್ನು ತೆರೆದರೆ ಹೆಂಡತಿಯ ಹೆಸರು ಕಾಣಿಸುವುದು ಸಾಮಾನ್ಯವಾಗಿ ಒಂದೇ ಕಡೆ, ಪತಿಯ ನಂತರ ಪಿಂಚಣಿ ಪಡೆಯುವವರು ಎಂಬಲ್ಲಿ ಮಾತ್ರ. ಆ ಕಾಗದವನ್ನು ಪರದೆಯ ಮೇಲಿಟ್ಟು, ಹಿನ್ನೆಲೆಯಲ್ಲಿ ಮಗಳ ದನಿಯಲ್ಲಿ ಅವ್ವ ಮಾಡಿದ ಕೆಲಸಗಳನ್ನು ಕೇಳಿಸಿದರೆ ನಿರೂಪಕರ ವ್ಯಾಖ್ಯಾನ ಬೇಕಾಗುವುದಿಲ್ಲ. ನಮ್ಮ ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ದೀರ್ಘ ಹೋರಾಟದ ವಿಷಯದಲ್ಲಂತೂ ತಡ ಮಾಡಲು ನೆಪವೇ ಇಲ್ಲ. 2012ರ 98ನೇ ತಿದ್ದುಪಡಿಯ ಮೂಲಕ ಬಂದ ಆ ವಿಧಿ 2013ರಲ್ಲಿ ಜಾರಿಯಾಯಿತು. ಅದಕ್ಕಾಗಿ ಬೀದಿಗಿಳಿದವರ ಹೆಂಡಿರು ಮಕ್ಕಳು ನಮ್ಮ ಓಣಿಗಳಲ್ಲಿಯೇ ಇದ್ದಾರೆ.

ಮನೆಯ ಒಳಗಿನಿಂದಲೇ ರಾಜಕೀಯ ಚರಿತ್ರೆಯನ್ನು ಹೇಳಬಹುದು ಎಂಬುದಕ್ಕೆ ಆನಂದ ಪಟವರ್ಧನರ 2023ರ ಸಾಕ್ಷ್ಯಚಿತ್ರ 'ವಸುಧೈವ ಕುಟುಂಬಕಂ' ಒಳ್ಳೆಯ ಉದಾಹರಣೆ. ಬೀದಿಯ ಚಳವಳಿಗಳನ್ನು ದಶಕಗಳ ಕಾಲ ಚಿತ್ರಿಸಿದ ಆ ನಿರ್ದೇಶಕರು ಅದರಲ್ಲಿ ತಮ್ಮ ವೃದ್ಧ ತಂದೆತಾಯಿಯರ ಕಡೆಗೆ ಕ್ಯಾಮೆರಾ ತಿರುಗಿಸಿದ್ದಾರೆ. ದೊಡ್ಡಪ್ಪಂದಿರಾದ ರಾವ್ ಮತ್ತು ಅಚ್ಯುತ ಪಟವರ್ಧನರು ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ತಾಯಿ ನಿರ್ಮಲಾ ಕುಂಭಕಲೆಯ ಕಲಾವಿದೆ. ಆದರೆ ಅದು ಮಗನೇ ಮನೆಯವರನ್ನು ಚಿತ್ರಿಸಿದ್ದು, ಸಲುಗೆ ಮೊದಲೇ ಇದ್ದದ್ದು. ಹೊರಗಿನಿಂದ ಹೋಗುವ ನಾವು ಆ ಸಲುಗೆಯನ್ನು ನಟಿಸಬಾರದು.

ಇನ್ನು ಚಿತ್ರೀಕರಣದ ಸಂಗತಿಗೆ ಬರುತ್ತೇನೆ. ಶಹಾಬಾದ್ ಕಲ್ಲಿನ ನೆಲ, ಕಲ್ಲಿನ ಗೋಡೆ ಇರುವ ನಮ್ಮ ಮನೆಗಳಲ್ಲಿ ದನಿ ಪ್ರತಿಧ್ವನಿಸುತ್ತದೆ. ಮನೆಯಲ್ಲಿರುವ ಕೌದಿಗಳನ್ನೇ ಕೇಳಿ ಪಡೆದು ನೆಲಕ್ಕೆ ಹಾಸಿ, ಕ್ಯಾಮೆರಾದ ಹಿಂದೆ ಒಂದೆರಡನ್ನು ತೂಗುಹಾಕಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಮಧ್ಯಾಹ್ನ ಸಂದರ್ಶನ ಮಾಡುವುದು ಹಿರಿಯರಿಗೆ ಶಿಕ್ಷೆ, ಆದ್ದರಿಂದ ಬೆಳಗ್ಗೆ ಎಂಟರೊಳಗೆ ಮುಗಿಸಬೇಕು. ಇದಕ್ಕಿಂತ ಮುಖ್ಯವಾದದ್ದು ಕೋಣೆಯಲ್ಲಿ ಯಾರಿರಬೇಕು ಎಂಬುದು. ಮುಖಂಡರು ಪಕ್ಕದಲ್ಲಿದ್ದರೆ ಹೆಂಡತಿ ಪ್ರತಿ ಮಾತಿಗೂ ಅವರ ಮುಖ ನೋಡುತ್ತಾರೆ. ಪಕ್ಷದ ಹುಡುಗರು ಬಾಗಿಲಲ್ಲಿ ನಿಂತಿದ್ದರೆ ಬರುವುದು ಭಾಷಣ. ಓದಿದ ಮಗನಿದ್ದರೆ, "ಅವ್ವಗ ತಿಳಿಯಂಗಿಲ್ರಿ, ನಾ ಹೇಳ್ತೀನಿ" ಎಂದು ಅವನೇ ಶುರುಮಾಡುತ್ತಾನೆ. ಎಲ್ಲರನ್ನೂ ಗೌರವದಿಂದಲೇ ಹೊರಗೆ ಕಳಿಸಿ, ಒಬ್ಬೊಬ್ಬರನ್ನೇ ಮಾತನಾಡಿಸಬೇಕು. ಅವರ ಕಲಬುರಗಿ ಕನ್ನಡವನ್ನೋ ದಖನಿಯನ್ನೋ ತಿದ್ದಲು ಹೋಗಬಾರದು. ಬೆಂಗಳೂರಿನವರಿಗೆ ತಿಳಿಯಲಿಕ್ಕಿಲ್ಲ ಎಂಬ ಆತಂಕವಿದ್ದರೆ ಅಡಿಬರಹ ಹಾಕಿಕೊಳ್ಳಬಹುದು.

ಮನೆಯವರ ಮಾತಿಗೆ ಕಾನೂನಿನ ಮಗ್ಗುಲೂ ಇದೆ. ಸುಪ್ರೀಂ ಕೋರ್ಟು 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ, ಸ್ವಂತದ, ಕುಟುಂಬದ, ದಾಂಪತ್ಯದ ಖಾಸಗಿತನವನ್ನು ಕಾಪಾಡಿಕೊಳ್ಳುವ ಹಕ್ಕು ನಾಗರಿಕರಿಗಿದೆ, ಒಪ್ಪಿಗೆಯಿಲ್ಲದೆ ಅವನ್ನು ಪ್ರಕಟಿಸುವಂತಿಲ್ಲ ಎಂದಿತು. ಸಾರ್ವಜನಿಕ ದಾಖಲೆಗಳಲ್ಲಿರುವ ಸಂಗತಿಗಳಿಗೆ ವಿನಾಯಿತಿ ಇಟ್ಟಿತು. ಅದೇ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸ್ಥಿರಪಡಿಸಿತು. ತೀರಿಹೋದವರ ಮೇಲಿನ ಆರೋಪ ಕೂಡ, ಬದುಕಿದ್ದರೆ ಅವರ ಹೆಸರಿಗೆ ಧಕ್ಕೆ ತರುವಂಥದ್ದಾಗಿದ್ದು ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ, ಮಾನಹಾನಿ ಎನಿಸಬಹುದು. ಮುಖಂಡರು ಹೂಂ ಎಂದ ಮಾತ್ರಕ್ಕೆ ಮನೆಯವರೆಲ್ಲ ಒಪ್ಪಿದಂತಾಗುವುದಿಲ್ಲ. ಪ್ರತಿಯೊಬ್ಬರಿಂದಲೂ ಕನ್ನಡದಲ್ಲಿ ಬರೆದ ಒಪ್ಪಿಗೆಪತ್ರ ಪಡೆಯಬೇಕು, ಅಕ್ಷರ ಬಾರದವರಿಗೆ ಅದನ್ನು ಓದಿ ಹೇಳಬೇಕು, ಕಟ್ ಆದ ಮೇಲೆ ಅವರ ಭಾಗವನ್ನು ತೋರಿಸಿ ಇನ್ನೊಮ್ಮೆ ಕೇಳಬೇಕು. ಮನೆಯ ಸಂಗತಿಯನ್ನು ತೆಗೆಯಿರಿ ಎಂದರೆ ನಾನು ತೆಗೆಯುತ್ತೇನೆ. ಮುಖಂಡರ ರಾಜಕೀಯ ನಿಲುವಿನ ಮೇಲಿನ ಟೀಕೆಯನ್ನು ತೆಗೆಯಿರಿ ಎಂದರೆ ಒಪ್ಪುವುದಿಲ್ಲ.

ಈಗ ಹೊಸದೊಂದು ಅಪಾಯ ಸೇರಿಕೊಂಡಿದೆ. ಹೆಂಡತಿ ಗೊಣಗಿದ ಅರ್ಧ ನಿಮಿಷವನ್ನು ಕತ್ತರಿಸಿ ಚುನಾವಣೆಯ ಹೊತ್ತಿಗೆ ವಾಟ್ಸಾಪಿನಲ್ಲಿ ಹರಿಬಿಡುವುದು ಸುಲಭ. ಇದನ್ನು ಪೂರ್ತಿಯಾಗಿ ತಡೆಯಲಾಗದಿದ್ದರೂ ಸಂಕಲನದಲ್ಲಿ ಒಂದು ಎಚ್ಚರ ಸಾಧ್ಯ. ಅಂಥ ಮಾತಿನ ಹಿಂದಿನ ಪ್ರಶ್ನೆಯನ್ನೂ ಮುಂದಿನ ವಾಕ್ಯವನ್ನೂ ಒಂದೇ ಶಾಟ್‌ನಲ್ಲಿ ಉಳಿಸಿಕೊಂಡರೆ ಕದ್ದ ತುಣುಕಿಗೂ ಸಂದರ್ಭ ಅಂಟಿಕೊಂಡೇ ಹೋಗುತ್ತದೆ.

ಮಾತನಾಡಲು ಒಲ್ಲೆನೆನ್ನುವವರೂ ಇರುತ್ತಾರೆ, ಅದರಲ್ಲಿಯೂ ಹೆಣ್ಣುಮಕ್ಕಳು ಹೆಚ್ಚು. ಅವರ ಜಾಗದಲ್ಲಿ ಖಾಲಿ ಕುರ್ಚಿ, ಆರಿದ ಒಲೆಗಳನ್ನು ತೋರಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ಮಗಳು ಚಿತ್ರದಲ್ಲಿ ಮಾತನಾಡಲು ಒಪ್ಪಲಿಲ್ಲ ಎಂದು ಒಂದು ಸಾಲನ್ನು ಪರದೆಯ ಮೇಲೆ ಹಾಕಿದರೆ ಸಾಕು. ಅವರು ಹೇಳಬಹುದಾಗಿದ್ದ ಮಾತನ್ನು ನೆರೆಯವರ ಬಾಯಲ್ಲಿ ಹೇಳಿಸಬಾರದು.