ಕಾವೇರಿ ಹರಿದಳು, ಲೈನ್‌ಮನೆಯವಳು ನೇಪಥ್ಯದಲ್ಲೇ ಉಳಿದಳು

ಎದುರುತ್ತರ ಕೊಟ್ಟ ಹೆಣ್ಣಿನ ಕಥೆಗೆ ಕೊಡಗಿನವರು ದೂರ ಹೋಗಬೇಕಿಲ್ಲ. ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯನ ಕೈಹಿಡಿದ ಕಾವೇರಿ, ಆತ ಮಾತು ತಪ್ಪಿದ ದಿನ ಕಮಂಡಲದಿಂದ ಹೊರಟು ಹರಿದೇಬಿಟ್ಟಳು. ಬಲಮುರಿಯಲ್ಲಿ ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದು ಹಿರಿಯರು ಹೇಳುತ್ತಾರೆ. ಈ ಕಥೆಯನ್ನು ಹರದಾಸ ಅಪ್ಪಚ್ಚ ಕವಿ ಕೊಡವರ ನುಡಿಯಾದ ಕೊಡವ ತಕ್ಕ್‌ನಲ್ಲಿ ನಾಟಕವಾಗಿಸಿದರು. ಅದಕ್ಕೂ ಮೊದಲು, 1906ರಲ್ಲಿ, ಯಯಾತಿಯನ್ನು ಬರೆದಿದ್ದರು. 1834ರಿಂದ ಬ್ರಿಟಿಷರ ಕೈಯಲ್ಲಿದ್ದ ನಾಡಿನಲ್ಲಿ ತನ್ನ ನುಡಿಯ ನಾಟಕವೇ ದೊಡ್ಡ ಧೈರ್ಯ.

ಸ್ವಾತಂತ್ರ್ಯ ಬಂತು, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ಬಂದಾಗ ಸೊಸೆ ಚಿತ್ರಲೇಖೆ ಮಗನ ಯೌವನ ಪಡೆದ ಮಾವ ಯಯಾತಿಯನ್ನೇ ಪ್ರಶ್ನಿಸಿದಳು, ವಿಷ ಕುಡಿದಳು. ದಾಸಿ ಸ್ವರ್ಣಲತೆಗೆ ಹುಚ್ಚು ಹಿಡಿಯಿತು. ಘಾನಾದ ಅಮಾ ಅಟಾ ಐಡೂ ಅವರ ‘ಅನೋವಾ’ದಲ್ಲಿಯೂ ಗುಲಾಮರ ದುಡಿಮೆಯಿಂದ ಬಂದ ಗಂಡನ ಸಿರಿಯನ್ನು ಧಿಕ್ಕರಿಸಿದವಳು ಕೊನೆಗೆ ನೀರುಪಾಲಾಗುತ್ತಾಳೆ. ರಂಗಭೂಮಿ ಹೆಣ್ಣಿಗೆ ಮಾತು ಕೊಟ್ಟಿತು, ಬದಲಿಗೆ ಅವಳ ಪ್ರಾಣ ಕೇಳಿತು.

ದುಡಿಯುವ ಹೆಂಗಸರೇ ನಾಟಕ ಕಟ್ಟತೊಡಗಿದಾಗ ಈ ಲೆಕ್ಕ ಬದಲಾಯಿತು. 1977ರಲ್ಲಿ ಜಮೈಕಾದ ಕಾರ್ಮಿಕ ಮಹಿಳೆಯರು ‘ಸಿಸ್ಟ್ರೆನ್’ ತಂಡ ಕಟ್ಟಿ ತಮ್ಮ ಬದುಕನ್ನೇ ಆಡಿ ತೋರಿಸಿದರು. ಮಣಿಪುರದಲ್ಲಿ ಕನ್ಹೈಯಾಲಾಲ್ ನಿರ್ದೇಶನದ, ಮಹಾಶ್ವೇತಾ ದೇವಿಯವರ ಕಥೆಯಾಧಾರಿತ ‘ದ್ರೌಪದಿ’ಯಲ್ಲಿ ನಟಿ ಸಾಬಿತ್ರಿ ಸೈನಿಕರೆದುರು ಬೆತ್ತಲಾಗಿ ನಿಂತರು. ಊರು ಸಿಟ್ಟಾಯಿತು. ಆದರೆ 2004ರ ಜುಲೈನಲ್ಲಿ ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ ಹನ್ನೆರಡು ತಾಯಂದಿರು ಸೈನಿಕರ ದೌರ್ಜನ್ಯದ ವಿರುದ್ಧ ನಿಜವಾಗಿಯೇ ಹಾಗೆ ನಿಂತರು.

ನಮ್ಮಲ್ಲಿ? ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಹಾಡಿಯ ಬುಡಕಟ್ಟು ಜನ ದೇವರನ್ನೂ ಬಿಡದೆ ಬೈಯುತ್ತಾರೆ. ಅಲ್ಲಿ ಸೀರೆ ಉಟ್ಟು ಕುಣಿಯುವವರು ಗಂಡಸರು. ಕಾಫಿ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬದುಕುವ ಎರವ ಬುಡಕಟ್ಟಿನ ಹೆಣ್ಣು ಎರವತಿಯ ಕಷ್ಟ ಆಗಲೂ ಇನ್ನೊಬ್ಬರ ಬಾಯಲ್ಲೇ ಉಳಿಯುತ್ತದೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಬುಡಕಟ್ಟು ಜನರ ಗುಡಿಸಲುಗಳನ್ನು ಕಿತ್ತಾಗ ಮುಂದೆ ನಿಂತು ಮಾತಾಡಿದವರಲ್ಲಿ ಹೆಂಗಸರೂ ಇದ್ದರು. ಕ್ಯಾಮೆರಾ, ಮೈಕು ಎಂದರೆ ಅವರು ಅಳುಕಲಿಲ್ಲ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಸಿಕ್ಕಿತು, ಸುದ್ದಿ ತಣ್ಣಗಾಯಿತು.

ಆ ಹೆಂಗಸರ ಪಾತ್ರವನ್ನು ಮಡಿಕೇರಿಯ ನಟಿಯರು ಮಾಡಿದರೆ ಸಾಲದು. ಎರವ ಮಾತಿನಲ್ಲಿ, ಅವರೇ ಆಡಬೇಕು. ಅದಕ್ಕೆ ದೊಡ್ಡ ರಂಗಮಂದಿರ ಬೇಡ, ಕಾಫಿ ಒಣಗಿಸುವ ಕಣ ಸಾಕು. ತಾಲೀಮಿಗೆ ಬಂದ ದಿನದ ಕೂಲಿ ತಪ್ಪಬಾರದು. ಅಷ್ಟು ಹೊತ್ತು ಲೈನ್‌ಮನೆಯ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇರಬೇಕು.